ಮ್ಯಾಟಿನ ಇನ್ನೊಂದು ತುದಿ

ನಾಯಿ ಸಾಕಿದವರನ್ನು ನೋಡಿದ್ದೀರಿ, ಗಿಣಿ ಸಾಕಿದವರನ್ನೂ ನೋಡಿರಬಹುದು. ಚಾಪೆ ಸಾಕಿದವರನ್ನು ನೋಡಿದ್ದೀರಾ? ನಮ್ಮಣ್ಣ ಸಾಕಿದ್ದ! ಅದೇನು ಮಲಗುವ ಚಾಪೆಯಲ್ಲ. ಕ್ರಿಕೆಟ್ ಪಿಚ್ಚಿಗೆ ಹಾಸುವ ತೆಂಗಿನ ನಾರಿನ ಮ್ಯಾಟು. ಮಳೆ ಬಂದರೆ ಅದು ನಡುಮನೆಗೆ, ನಾವು ಜಗಲಿಗೆ!

ತೊಂಬತ್ತರ ದಶಕದಲ್ಲಿ ಹುಣಸೂರು, ಪಿರಿಯಾಪಟ್ಟಣ, ಕೆ.ಆರ್. ನಗರ, ಎಚ್.ಡಿ. ಕೋಟೆಯ ಹುಡುಗರು ಸೇರಿ ಒಂದು ಲೀಗು ಶುರು ಮಾಡಿದರು. ವಾರವೆಲ್ಲ ಹೊಗೆಸೊಪ್ಪು ಬೇಯಿಸುವ ಬ್ಯಾರನ್ನಿಗೆ ಸೌದೆ ತುಂಬುತ್ತಿದ್ದವರು ಭಾನುವಾರ ಬಿಳಿ ಪ್ಯಾಂಟು ಹಾಕಿಕೊಂಡು ನಿಲ್ಲುತ್ತಿದ್ದರು. ಬಿಳಿ ಎಂದರೆ ಕೆಂಪು ಮಣ್ಣು ಮೆತ್ತುವವರೆಗೆ ಬಿಳಿ! ಒಂದೊಂದು ಊರಿನ ನೆಲ ಒಂದೊಂದು ಥರ. ಒಂದು ಕಡೆ ಚೆಂಡು ಮೂಗಿಗೇ ಬರುತ್ತಿತ್ತು, ಇನ್ನೊಂದು ಕಡೆ ಏಳುತ್ತಲೇ ಇರಲಿಲ್ಲ. ಅದಕ್ಕೇ ಎಲ್ಲ ಊರಿನವರೂ ಸೇರಿ ಮೈಸೂರಿನಿಂದ ಹಳೆಯ ಮ್ಯಾಟೊಂದನ್ನು ತಂದರು. ಪಂದ್ಯ ಎಲ್ಲಿಯೋ ಅಲ್ಲಿಗೆ ಅದು ಬಸ್ಸಿನಲ್ಲಿ ಹೋಗಬೇಕು.

ಆದರೆ ಇಟ್ಟುಕೊಳ್ಳುವವರು ಯಾರು? ಒಂದು ಊರಿನವರು ತಮ್ಮ ಬೌಲರಿಗೆ ಜ್ವರ ಬಂದಾಗ "ಮ್ಯಾಟು ಇನ್ನೂ ಒಣಗಿಲ್ಲ" ಎಂದು ಪಂದ್ಯವನ್ನೇ ಮುಂದಕ್ಕೆ ಹಾಕಿದ್ದರಂತೆ. ಹೀಗಾಗಿ ಯಾವ ಟೀಮಿಗೂ ಸೇರದ ಒಬ್ಬ ಮನುಷ್ಯ ಬೇಕಾಯಿತು. ನಮ್ಮಣ್ಣ ಯಾವ ಟೀಮಿಗೂ ಸೇರಿರಲಿಲ್ಲ. ಯಾಕೆಂದರೆ ಯಾವ ಟೀಮೂ ಅವನನ್ನು ಸೇರಿಸಿಕೊಂಡಿರಲಿಲ್ಲ! ಹನಗೋಡಿನಲ್ಲಿ ಸೈಕಲ್ ಶಾಪ್ ಇಟ್ಟುಕೊಂಡಿದ್ದವನು ಹೀಗೆ ಒಂದೇ ದಿನದಲ್ಲಿ ಮ್ಯಾಟಿನ ಯಜಮಾನನೂ ಲೀಗಿನ ಅಂಪೈರೂ ಆಗಿಬಿಟ್ಟ.

ಸುತ್ತಿದ ಮ್ಯಾಟನ್ನು ಒಬ್ಬರೇ ಎತ್ತಲಾಗದು. ಬಸ್ ನಿಲ್ಲುವ ಜಾಗದವರೆಗೆ ಒಂದು ತುದಿ ಅವನದು, ಇನ್ನೊಂದು ನನ್ನದು. ಏಳನೇ ಕ್ಲಾಸಿಗೆ ಸ್ಕೂಲು ಬಿಟ್ಟ ತಂಗಿ ಇನ್ಯಾವುದಕ್ಕೆ ಬೇಕು? ಬಸ್ಸಿನ ಟಾಪಿನ ಮೇಲೆ ಹಾಕಲು ಅವನು ಒಪ್ಪುತ್ತಿರಲಿಲ್ಲ, ಬಿಸಿಲಿಗೆ ನಾರು ಬಿರುಸಾಗುತ್ತದಂತೆ. ಧೂಳು ಕೂರದಿರಲೆಂದು ಬಿಳಿ ಪಂಚೆ ಹೊದಿಸಿ ಬಸ್ಸಿನೊಳಗೇ ಉದ್ದಕ್ಕೆ ಮಲಗಿಸುತ್ತಿದ್ದ. ಒಮ್ಮೆ ಕೋಟೆ ಬಸ್ಸಿನಲ್ಲಿ ಅಜ್ಜಿಯೊಬ್ಬರು ಅದನ್ನು ನೋಡಿ ಸೆರಗಿನಿಂದ ಕಣ್ಣೊರೆಸಿಕೊಂಡರಂತೆ.

"ಯಾವೂರೋರಪ್ಪ? ಪಾಪ, ಒಳ್ಳೆ ಆಳು!"

"ಮೈಸೂರು ಕಣಜ್ಜಿ. ಕೋಟೇಲಿ ಎಲ್ಲಾ ಕಾಯ್ಕಂಡವ್ರೆ. ಸಾಯಂಕಾಲ ನಾನೇ ಮನೆಗೆ ವಾಪಸ್ ಕರ್ಕಂಡೋಯ್ತೀನಿ."

ಅಜ್ಜಿ ಮುಂದಿನ ಸ್ಟಾಪಿನಲ್ಲೇ ಇಳಿದುಬಿಟ್ಟರು!

ಅಂಪೈರಿಕೆಯಂತೂ ಅವನ ರಕ್ತಕ್ಕೇ ಇಳಿದಿತ್ತು. ಕ್ರಿಕೆಟ್ಟಿನಲ್ಲಿ ಒಂದು ಕಾನೂನಿದೆಯಂತೆ: ಬ್ಯಾಟ್ಸ್‌ಮನ್ ಔಟಾಗಿರುವುದು ಕಣ್ಣಿಗೆ ಕಂಡರೂ ಎದುರಾಳಿಗಳು ಅಪೀಲು ಮಾಡದೆ ಅಂಪೈರು ಬೆರಳೆತ್ತುವಂತಿಲ್ಲ. ನಮ್ಮಣ್ಣ ಇದನ್ನು ಅಡುಗೆಮನೆಗೂ ತಂದ. ಒಂದು ಬೆಳಿಗ್ಗೆ ಅವನ ಮುಂದೆಯೇ ಹಾಲು ಉಕ್ಕಿ ಒಲೆ ಆರಿಹೋಯಿತು.

"ಕಣ್ಣು ಬುಟ್ಕಂಡೇ ಕುಂತಿದ್ದೀಯಲ್ಲೋ! ಒಂದ್ಮಾತು ಕೂಗ್ಬಾರ್ದಾ?" ಅಂದಳು ಅವ್ವ.

"ಯಾರೂ ಅಪೀಲು ಮಾಡ್ಲಿಲ್ವಲ್ಲವ್ವ!"

ಇಂಥವನ ಮ್ಯಾಟಿನ ಮೇಲೆ ನಾನೇನು ಮಾಡಿದೆ ಗೊತ್ತೇ? ಫೈನಲ್ ಪಂದ್ಯದ ಹಿಂದಿನ ದಿನ ಅಣ್ಣ ಅದನ್ನು ಅಂಗಳದಲ್ಲಿ ಬಿಸಿಲಿಗೆ ಹಾಸಿ ಅಂಗಡಿಗೆ ಹೋಗಿದ್ದ. ಮುಂದಿನ ಬಿತ್ತನೆಗೆ ಮೆಣಸಿನಕಾಯಿ ಬೀಜ ಬಿಡಿಸಬೇಕಿತ್ತು. ನೆಲದ ಮೇಲೆ ಬಡಿದರೆ ಬೀಜಕ್ಕೆ ಮಣ್ಣು ಸೇರುತ್ತದೆ. ಇಷ್ಟು ಚೆಂದದ ಹಾಸು ಎದುರಿಗೇ ಇರುವಾಗ! ಒಣಮೆಣಸಿನಕಾಯಿ ಸುರಿದೆ, ಕೋಲಿನಿಂದ ಬಡಿದೆ, ಬೀಜ ಆರಿಸಿಕೊಂಡೆ, ಗುಡಿಸಿಯೂ ಇಟ್ಟೆ. ನಾರಿನೊಳಗೆ ಇಳಿದದ್ದು ಪೊರಕೆಗೆ ಸಿಗುತ್ತದೆಯೇ?

ಫೈನಲ್ಲು ಹುಣಸೂರಿಗೂ ಪಿರಿಯಾಪಟ್ಟಣಕ್ಕೂ. ಮೊದಲನೇ ಚೆಂಡು ಬಿದ್ದ ಜಾಗದಿಂದ ಒಂದು ಕೆಂಪು ಹೊಗೆ ಎದ್ದಿತಂತೆ. ಪಿರಿಯಾಪಟ್ಟಣದ ಬ್ಯಾಟ್ಸ್‌ಮನ್ ಸೀನಿದ, ವಿಕೆಟ್ಟು ಬಿತ್ತು. ಕೀಪರ್ ಸೀನಿದ, ಬೌಲರ್ ಕಣ್ಣುಜ್ಜಿಕೊಂಡು ಕೂತ. "ಇದು ಬೇಕಂತಲೇ ಮಾಡ್ಸಿರೋದು ಕಣ್ರಲಾ!" ಎಂದು ಪಿರಿಯಾಪಟ್ಟಣದವರ ಕೂಗಾಟ ಎದ್ದಿತು. ಕಣ್ಣೀರು ಸುರಿಸುತ್ತಲೇ ನಮ್ಮಣ್ಣ ಹೇಳಿದನಂತೆ: "ಮ್ಯಾಟು ನಮ್ಮನೇಲಿತ್ತು. ತಪ್ಪು ನಂದೇ."

ಆ ಸಂಜೆ ಅವನು ಬೇಲಿಯ ಮೇಲೆ ಮ್ಯಾಟು ಹಾಕಿ ಬಡಿದು ಬಡಿದು ಕೊಡವಿದ. ಮಾರನೇ ದಿನ ಅದನ್ನು ಲೀಗಿನ ಹುಡುಗರು ಬಂದು ತೆಗೆದುಕೊಂಡು ಹೋದರು. ನಾನು ಬಾಗಿಲ ಹಿಂದೆ ನಿಂತಿದ್ದೆ. ಊರೆಲ್ಲ ನಗುತ್ತದಲ್ಲ ಎಂಬ ನಾಚಿಕೆ ನನಗೆ. ಅವನು ಒಪ್ಪಿಕೊಂಡಾದ ಮೇಲೆ ಸುಮ್ಮನಿರುವುದು ಎಷ್ಟು ಸುಲಭವಾಗಿತ್ತು! ಲೀಗು ನಿಂತುಹೋಯಿತು. ಅಣ್ಣ ಮಾತ್ರ ಭಾನುವಾರ ಬಿಳಿ ಅಂಗಿ ತೊಟ್ಟು ಬಸ್ ನಿಲ್ಲುವ ಜಾಗದವರೆಗೆ ಹೋಗಿ, ಬಸ್ಸು ಹೊರಟ ಮೇಲೆ ವಾಪಸು ಬರುತ್ತಿದ್ದ. ಬೇಲಿಯ ಪಕ್ಕದಲ್ಲಿ ಯಾವುದೋ ಗಿಡ ಬೆಳೆಸುತ್ತ, ಮೇಕೆ ಬಾಯಿ ಹಾಕದಂತೆ ಮುಳ್ಳು ಕಟ್ಟುತ್ತ ಕೂತಿರುತ್ತಿದ್ದ. ನಾನು ಆ ಕಡೆ ತಲೆ ಹಾಕಿರಲಿಲ್ಲ. ಅವನ ಎದುರಿಗೆ ನಿಲ್ಲುವುದೇ ಕಷ್ಟವಾಗಿತ್ತು.

ಮರುವರ್ಷ ಹುಡುಗರೇ ಮನೆಗೆ ಬಂದರು. ಪಿರಿಯಾಪಟ್ಟಣದ ಕ್ಯಾಪ್ಟನ್ ಅಂದ: "ಅಣ್ಣೋ, ಲೀಗು ಶುರು ಮಾಡವ. ಮ್ಯಾಟೂ ನೀನೇ ಮಡೀಕ. ಆದ್ರೆ ಅವತ್ತು ಅದ್ಯಾರು ಮಾಡ್ಸುದ್ರು ಅಂತ ನಿಜ ಹೇಳ್ಬುಡು."

"ಯಾರೂ ಮಾಡ್ಸಿಲ್ಲ ಕಣ್ರಪ್ಪ. ತಪ್ಪು ನಂದು."

"ಅಂಗಾದ್ರೆ ಬುಡು, ಲೀಗೂ ಬ್ಯಾಡ." ಎಲ್ಲರೂ ಎದ್ದರು.

ತಂದಿದ್ದ ಕಾಫಿ ಲೋಟಗಳನ್ನು ಅಲ್ಲೇ ಕೆಳಗಿಟ್ಟೆ. "ನಾನು ಕಣ್ರಪ್ಪ," ಅಂದೆ. "ಬೀಜಕ್ಕೆ ಅಂತ ಮೆಣಸಿನ್ಕಾಯ ಅದ್ರ ಮೇಲೇ ಬಡ್ದೆ."

ಕ್ಯಾಪ್ಟನ್ ಹೊಟ್ಟೆ ಹಿಡಿದುಕೊಂಡು ನಕ್ಕ. "ಅಕ್ಕೋ! ನಮ್ಮುಡುಗ ಮಾರನೇ ದಿನಾನೂ ಕಣ್ಣೇ ಬುಟ್ಟಿರ್ಲಿಲ್ವಲ್ಲಕ್ಕೋ! ಅಂತಾ ಖಾರದ ಬೀಜ ನಮ್ಗೂ ಒಂದಿಡಿ ಕೊಡಿ!"

ಅವರು ಹೋದ ಮೇಲೆ ಅಣ್ಣ ನನ್ನನ್ನು ಬೇಲಿಯ ಹತ್ತಿರ ಕರೆದೊಯ್ದ. ಅವನು ಮ್ಯಾಟು ಕೊಡವಿದ ಜಾಗದುದ್ದಕ್ಕೂ ಮೆಣಸಿನ ಗಿಡಗಳು, ಮೈತುಂಬ ಕಾಯಿ. ಇಷ್ಟು ದಿನ ಅವನು ತಂದುಕೊಟ್ಟು ನಾನು ಸಾರಿಗೆ ಹಾಕಿದ ಮೆಣಸಿನಕಾಯಿಯೆಲ್ಲ ಇವೇ!

"ಮೊದ್ಲ ಮಳೇಲೇ ಎದ್ದು, ಬೀಜ ಬಡ್ದೋಳು ನೀನೇ ಅಂತ ಹೇಳ್ಬುಟ್ಟೋ ಕಣಮ್ಮಿ."

"ಮತ್ಯಾಕಣ್ಣ ನನ್ನ ಒಂದ್ಮಾತೂ ಕೇಳ್ಲಿಲ್ಲ?"

"ನಿನ್ನ ಮೇಲೆ ಯಾರೂ ಅಪೀಲು ಮಾಡ್ಲಿಲ್ವಲ್ಲ."

ಅದೇ ವಾರ ಮ್ಯಾಟು ನಮ್ಮ ಮನೆಗೆ ವಾಪಸು ಬಂತು. ಮುಂದಿನ ಭಾನುವಾರ ಅದರ ಒಂದು ತುದಿ ಅವನ ಹೆಗಲ ಮೇಲೆ, ಇನ್ನೊಂದು ನನ್ನ ಹೆಗಲ ಮೇಲೆ. ಬಸ್ ನಿಲ್ಲುವ ಜಾಗದಲ್ಲಿ ಇಳಿಸಿ ಕೇಳಿಯೇಬಿಟ್ಟೆ:

"ಈಗ ನಾನೇ ಅಪೀಲು ಮಾಡ್ತಾ ಇವ್ನಿ ಕಣಣ್ಣ. ನಾನು ಔಟಾ?"

ಅವನು ನನ್ನನ್ನೇ ನೋಡಿದ. ಮ್ಯಾಟಿನ ಪಂಚೆ ಸರಿಪಡಿಸುವವನಂತೆ ಬಗ್ಗಿ ಕಣ್ಣೊರೆಸಿಕೊಂಡ. ಇನ್ನೂ ಖಾರ ಉಳಿದಿತ್ತೋ ಏನೋ!

"ನಾಟೌಟು. ಎತ್ತು ನಿನ್ನ ತುದಿಯ, ಬಸ್ಸು ಬಂತು."