ಎಂಟು ಸೂಜಿಗೆ ನಾನು ಮಾಡಿದ ಚೌಕಾಸಿ

ಯಾರಾದರೂ ಮೊದಲು ಹೇಳಿದ ಮಾತನ್ನು ಒಪ್ಪಿಬಿಡುವುದು ನನ್ನಿಂದ ಆಗದ ಕೆಲಸ. ಶಿರಸಿಯಲ್ಲಿ ಹಳೆ ಬೈಕ್ ಕೊಂಡು ಮಾರುತ್ತ ತಲೆ ಎತ್ತಿದವನು ನಾನು. ನಿಮಗೂ ಒಂದು ಬಿಟ್ಟಿ ಸಲಹೆ ಕೊಡುತ್ತೇನೆ, ಇಟ್ಟುಕೊಳ್ಳಿ: ಮಾರುವವನು ಸೀಟು ತಟ್ಟಿ ತೋರಿಸಿದರೆ ನೀವು ಇಂಜಿನ್ ನೋಡಿ. ಹೀಗಿರುವಾಗ ಡಾಕ್ಟರು ಸ್ಕ್ಯಾನಿಂಗ್ ನೋಡಿ, "ಪಿತ್ತಕೋಶದಲ್ಲಿ ಕಲ್ಲಿದೆ, ತಡಮಾಡದೆ ಆಪರೇಷನ್ ಮಾಡಿಸಿಕೊಳ್ಳಿ" ಎಂದ ಕೂಡಲೇ ಒಪ್ಪಲಿಕ್ಕಾಗುತ್ತದೆಯೇ? "ಯೋಚನೆ ಮಾಡಿ ಹೇಳ್ತೇನೆ" ಎಂದು ಎದ್ದು ಬಂದೆ. ಮನೆಯಲ್ಲಿ ಹೆಂಡತಿ ಸಾವಿತ್ರಿ ಸುಮ್ಮನಿರಲಿಲ್ಲ. "ಇದ್ರಲ್ಲೂ ಚೌಕಾಸಿ ಮಾಡ್ತ್ರಾ? ಜ್ವರ ಬಂದು ಮೈಯೆಲ್ಲಾ ಹಳದಿ ಆಗವರೆಗೆ ಕಾಯ್ತ್ರಾ?" ಎಂದಳು. ಅವಳ ಕಣ್ಣು ಒದ್ದೆಯಾಗಿತ್ತು. ನಾನು ಮಾತ್ರ ಮರುದಿನ ಯಲ್ಲಾಪುರದ ಬಸ್ಸು ಹತ್ತಿದೆ. ಅಲ್ಲಿ ಅಕ್ಯುಪಂಕ್ಚರ್ ಮಾಡುವ, ಹಾವೇರಿ ಕಡೆಯ ಡಾಕ್ಟರೊಬ್ಬರು ಇದ್ದಾರೆಂದು ಕೇಳಿದ್ದೆ.

"ಬರ್ರಿ, ಕುಂದರ್ರಿ. ಎಂಟು ಸೂಜಿ ಹಾಕ್ಬೇಕ್ರಿ" ಎಂದರು ಅವರು.

"ಐದಕ್ಕೆ ಮುಗಿಸಿ" ಎಂದೆ, ಅಭ್ಯಾಸಬಲದಿಂದ.

"ಇದೇನ್ ಸಂತಿ ಏನ್ರಿ?" ಎಂದು ನಕ್ಕು ಎಂಟನ್ನೂ ಚುಚ್ಚಿದರು. ಅದರಲ್ಲಿ ನಾಲ್ಕು ಮೊಣಕಾಲಿನ ಕೆಳಗೆ! ನೋವಿರುವುದು ಬಲಪಕ್ಕೆಯ ಅಡಿಯಲ್ಲಿ, ಸೂಜಿ ಕಾಲಿಗೆ. ಇಂಜಿನ್ ಕೇಳಿದವನಿಗೆ ಸೀಟು ತೋರಿಸುವುದೆಂದರೆ ಇದೇ ಅಲ್ಲವೇ ಎಂದು ಒಳಗೊಳಗೇ ಹುಷಾರಾದೆ. ಆದರೆ ಅರ್ಧ ತಾಸಿನಲ್ಲಿ ನೋವು ಇಳಿಯತೊಡಗಿತು. ಸೂಜಿಯಿಂದಲೋ, ಅಷ್ಟು ಹೊತ್ತು ಬಾಯಿ ಮುಚ್ಚಿ ಮಲಗಿದ್ದರಿಂದಲೋ, ತಾನಾಗಿಯೇ ಇಳಿಯುವ ಹೊತ್ತಾಗಿತ್ತೋ, ದೇವರಿಗೇ ಗೊತ್ತು. ಗೆದ್ದವನ ಹಾಗೆ ಎದ್ದು ಕುಳಿತು, "ಹಾಗಾದರೆ ಆಪರೇಷನ್ ಬೇಡ, ಅಲ್ಲವೇ?" ಎಂದೆ.

"ಯಾರ್ ಹಂಗಂದ್ರು? ನೋವು ಕಡಿಮಿ ಆಗೇತಿ, ಕಲ್ಲು ಅಲ್ಲೇ ಐತ್ರಿ. ಸುಮ್ನ ಆಪರೇಷನ್ ಮಾಡಿಸ್ಕೊಳ್ರಿ."

ನಾನು ಪೂರ್ತಿ ಗಲಿಬಿಲಿಗೊಂಡಿದ್ದು ಆಗಲೇ. ತನ್ನ ಮಾಲಿನಿಂದ ಏನಾಗುವುದಿಲ್ಲ ಎಂಬುದನ್ನು ಬಾಯಿಬಿಟ್ಟು ಹೇಳುವ ಮನುಷ್ಯನನ್ನು ನನ್ನ ವ್ಯಾಪಾರದಲ್ಲಿ ನಾನು ಕಂಡಿಲ್ಲ. ಇದರಲ್ಲಿ ಏನೋ ಮಸಲತ್ತು ಇರಬೇಕೆಂದು ಬಸ್ಸಿನಲ್ಲಿ ಶಿರಸಿಯವರೆಗೂ ಹುಡುಕಿದೆ. ಸಿಗಲಿಲ್ಲ.

ಮರುದಿನ ಬೆಳಿಗ್ಗೆ ಕಾನಸೂರಿನ ಗಿರಾಕಿಯೊಬ್ಬ ಅಂಗಡಿಗೆ ಬಂದು ಒಂದು ಬೈಕ್ ಚಾಲೂ ಮಾಡಿದ. ಹಿಂದಿನ ವಾರ ಅದು ಕಟಕಟ ಎನ್ನುತ್ತಿತ್ತು. ನಾನು ದಪ್ಪ ಆಯಿಲ್ ಹಾಕಿ ಸದ್ದಡಗಿಸಿದ್ದೆ.

"ಎಂತ ಶಬ್ದವೂ ಇಲ್ಲೆ. ಇಂಜಿನ್ ಚೊಲೋ ಇದ್ದು, ಅಲ್ದಾ ಹೆಗಡೇರೆ?"

ಸೀಟು ತಟ್ಟಲು ಎತ್ತಿದ ನನ್ನ ಕೈ ತಾನಾಗಿ ಬಲಪಕ್ಕೆಗೆ ಹೋಯಿತು. "ಶಬ್ದ ಇಲ್ಲೆ ಹೇಳಿ ನಂಬಡ ಮಾರಾಯ, ಬಿಚ್ಚಿಸಿ ನೋಡು" ಎಂದುಬಿಟ್ಟೆ. ಅವನು ನನ್ನನ್ನೇ ಸಂಶಯದಿಂದ ನೋಡುತ್ತ ಹೋದ. ಬೈಕ್ ಇನ್ನೂ ಅಂಗಡಿಯಲ್ಲೇ ಇದೆ.

ಸಾವಿತ್ರಿಗೆ ಹೇಳಿ, ಸ್ಕ್ಯಾನಿಂಗ್ ನೋಡಿದ ಡಾಕ್ಟರಿಗೆ ಫೋನ್ ಮಾಡಿಸಿದೆ. ಸೋಮವಾರ ಆಪರೇಷನ್, ಪಿತ್ತಕೋಶವನ್ನೇ ತೆಗೆಯುತ್ತಾರಂತೆ. ಚೀಲ ಬಿಟ್ಟು ಬರೀ ಕಲ್ಲು ತೆಗೆದರೆ ಆಗದೇ ಎಂದು ಅವಳಿಂದಲೇ ಕೇಳಿಸಿದ್ದೇನೆ. ಕೇಳುವುದರಲ್ಲಿ ತಪ್ಪೇನಿದೆ?