ಬಿಸಿಲಿಗಿಟ್ಟ ಹಾಡು

ಮಕ್ಕಳೇ, ಮೊನ್ನೆ ರಜೆಯಲ್ಲಿ ಬಂದಾಗ ನೀವಿಬ್ಬರೂ ಮೊಬೈಲು ಹಿಡಿದುಕೊಂಡು ಜಗಳವಾಡಿದಿರಲ್ಲ, ನೆನಪಿದೆಯಾ? ಒಬ್ಬನಿಗೆ ತಮಾಷೆ ಹಾಡೇ ನಂಬರ್ ಒಂದು. ಇನ್ನೊಬ್ಬಳಿಗೆ ಅಪ್ಪನ ಕಾಲದ ಹಳೆಯ ಹಾಡೇ ನಂಬರ್ ಒಂದು. ನಾನು ಬಾಯಿ ತೆರೆಯುವುದರೊಳಗೆ, "ಅಮ್ಮಮ್ಮ, ಇದೆಲ್ಲ ನಿಂಗೆ ಗೊತ್ತಾತಿಲ್ಲ" ಎಂದಿರಿ. ನಾನು ಸುಮ್ಮನೆ ಒಳಗೆ ಹೋದೆ. ಎದುರು ಮಾತಾಡಿ ನನಗೆ ಅಭ್ಯಾಸವಿಲ್ಲ. ಶಾಲೆಯಲ್ಲಿ ಉತ್ತರ ಗೊತ್ತಿದ್ದರೂ ಕೈ ಎತ್ತದೆ ಏಳನೆಯ ತರಗತಿ ಮುಗಿಸಿದವಳು ನಾನು. ಆದರೆ ಬರೆಯುವುದಕ್ಕೆ ಯಾರ ಮುಖವನ್ನೂ ನೋಡಬೇಕಾಗಿಲ್ಲವಲ್ಲ! ಆದ್ದರಿಂದ ಈ ಮೂಲಕ ತಿಳಿಯಪಡಿಸುವುದೇನೆಂದರೆ, ಒಂದು ಹಾಡನ್ನು ನಂಬರ್ ಒಂದಕ್ಕೆ ಏರಿಸಿದವರು ನಮ್ಮ ಕುಟುಂಬದಲ್ಲಿ ಯಾರಾದರೂ ಇದ್ದರೆ ಅದು ನಾನೊಬ್ಬಳೇ. ಹೇಗೆ ಏರಿಸಿದೆ ಎಂಬುದನ್ನು ಹೇಳಲು ನಿಮ್ಮ ಅಜ್ಜಯ್ಯ ಇರುವಷ್ಟು ದಿನ ಬಿಟ್ಟಿರಲಿಲ್ಲ. ಈಗ ತಡೆಯುವವರು ಯಾರೂ ಇಲ್ಲ.

ನಿಮ್ಮ ಅಜ್ಜಯ್ಯ ಆಗ ಬೈಂದೂರಿನಿಂದ ಬ್ರಹ್ಮಾವರಕ್ಕೆ ಹೋಗುವ ಬಸ್ಸಿನ ಡ್ರೈವರು. ಊರಿಗೆ ರೈಲು ಬಂದ ಹೊಸತು. ಆದರೂ ನಮ್ಮ ಜನ ಬಸ್ಸು ಬಿಡಲಿಲ್ಲ. ಯಾಕೆಂದರೆ ರೈಲಿನಲ್ಲಿ ಹಾಡು ಹಾಕುವುದಿಲ್ಲ!

ಬಸ್ಸಿನಲ್ಲಿ ಡ್ರೈವರ ತಲೆಯ ಮೇಲೆ ಟೇಪ್ ರೆಕಾರ್ಡರು. ಡ್ರೈವರ ಸೀಟಿನ ಹಿಂದೆ ಒಂದು ಹಲಗೆ. ಯಾವ ಕ್ಯಾಸೆಟ್ಟನ್ನು ಹಾಕಿ ಎಂದು ಜನ ಹೆಚ್ಚು ಕೂಗುತ್ತಾರೋ ನೋಡಿಕೊಂಡು, ಕಂಡಕ್ಟರ್ ಚಂದ್ರ ವಾರಕ್ಕೊಮ್ಮೆ ಆ ಹಲಗೆಯ ಮೇಲೆ ಸೀಮೆಸುಣ್ಣದಲ್ಲಿ ಒಂದು, ಎರಡು ಎಂದು ಬರೆಯುತ್ತಿದ್ದ. ಒಂದನೆಯ ಸ್ಥಾನದಲ್ಲಿ ನಿಮ್ಮ ಅಜ್ಜಯ್ಯನ ಹಳೆಯ ಕ್ಯಾಸೆಟ್ಟು ಚಕ್ಕಳಮಕ್ಕಳ ಹಾಕಿ ಕೂತುಬಿಟ್ಟಿತ್ತು. ಗಂಭೀರ ಕಂಠದ ಒಬ್ಬರು, ಯಾವ ಅವಸರವೂ ಇಲ್ಲದೆ ಹಾಡಿದ ಭಕ್ತಿಗೀತೆಗಳು. ನಮ್ಮ ಮದುವೆಯಾದ ವರ್ಷ ಕೊಂಡದ್ದಂತೆ. ಎರಡನೆಯ ಸ್ಥಾನದಲ್ಲಿ ನಮ್ಮ ಕುಂದಾಪ್ರ ಕನ್ನಡದ ತಮಾಷೆ ಹಾಡುಗಳ ಕ್ಯಾಸೆಟ್ಟು. ಹೆಣ್ಣು ನೋಡಲು ಹೋದವನೊಬ್ಬ ಹೆಣ್ಣನ್ನು ಬಿಟ್ಟು, ಅಂಗಳದಲ್ಲಿದ್ದ ಕೋಳಿಯನ್ನು ಒಪ್ಪಿಕೊಂಡು ಬಂದ ಕತೆ ಅದರಲ್ಲಿತ್ತು. ಎಲ್ಲರೂ ಅದನ್ನು ಕೋಳಿ ಹಾಡು ಎನ್ನುತ್ತಿದ್ದರು. ಹೊಸ ಸಿನಿಮಾ ಹಾಡುಗಳಿಗೆ ಸೀಮೆಸುಣ್ಣದ ಭಾಗ್ಯವೇ ಬರಲಿಲ್ಲ.

ಬಸ್ಸು ಹೊರಟ ಕೂಡಲೇ ವಾದ ಶುರು. ಮುಂದಿನ ಸೀಟಿನಲ್ಲಿ ನಿವೃತ್ತ ಮಾಷ್ಟ್ರು. ಹಿಂದಿನ ಸೀಟಿನಲ್ಲಿ ಮೀನಿನ ಬುಟ್ಟಿಯ ಗುಲಾಬಿ, ಅವಳ ಬೆಂಬಲಕ್ಕೆ ಕಾಲೇಜು ಮಕ್ಕಳು.

"ಹಾಡು ಅಂದ್ರೆ ಮನಸ್ಸು ಶಾಂತ ಆಗಬೇಕು" ಎಂದು ಮಾಷ್ಟ್ರು ತೀರ್ಪು ಕೊಡುವರು.

"ಹ್ವಾಯ್ ಮಾಷ್ಟ್ರೆ, ನಾ ಕೋಳಿ ಕೂಗುಕ್ ಮೊದ್ಲೇ ಎದ್ದ್ ಬಂದವ್ಳ್. ನಿಮ್ ಶಾಂತದ ಹಾಡ್ ಕೇಂಡ್ರೆ ನಂಗೆ ಕಣ್ಣೇ ಮುಚ್ಚತ್ತ್. ಮೊನ್ನೆ ಕುಂದಾಪ್ರದಗೆ ಇಳಿಕಾದವ್ಳ್ ಬ್ರಹ್ಮಾವರದಗೆ ಎದ್ದೆ! ಮೀನಿಗೂ ನಿದ್ರಿ, ನಂಗೂ ನಿದ್ರಿ!"

"ಅದು ಹಾಡಿನ ತಪ್ಪಲ್ಲ, ನಿನ್ನ ನಿದ್ರೆಯ ತಪ್ಪು."

"ನಿಮ್ಗೆ ಪೆನ್ಶನ್ ಇತ್ತ್, ಶಾಂತ ಆಯಿ ಕೂಕಣಿ. ನಂಗೆ ನಗಿ ಬೇಕ್. ಚಂದ್ರ, ಕೋಳಿ ಹಾಕಾ!"

ಇದು ಹೀಗೇ ನಡೆದಿದ್ದರೆ ಯಾರಿಗೂ ತೊಂದರೆಯಿರಲಿಲ್ಲ. ಆದರೆ ನಮ್ಮ ಬಸ್ಸಿನ ಬೆನ್ನಿಗೇ ಬರುತ್ತಿದ್ದ ಇನ್ನೊಂದು ಬಸ್ಸಿನವರು ಬೆಳಿಗ್ಗೆಯಿಂದ ಸಂಜೆಯ ತನಕ ಕೋಳಿ ಹಾಡನ್ನೇ ಹಾಕತೊಡಗಿದರು. ಕಾಲೇಜು ಮಕ್ಕಳು ನಮ್ಮ ಬಸ್ಸಿಗೆ ಕೈ ತೋರಿಸದೆ ಅದಕ್ಕೆ ಕಾಯತೊಡಗಿದರು. ಬಸ್ಸಿನ ಧಣಿಗಳ ಕಿವಿಗೆ ಸುದ್ದಿ ಬಿತ್ತು.

"ಸೋಮವಾರ ನಾನೇ ಬಸ್ಸಗೆ ಬತ್ತೆ. ಎರಡೂ ಕ್ಯಾಸೆಟ್ ಹಾಕುವ. ಜನ ಕೈ ಎತ್ಲಿ. ಗೆದ್ದದ್ದನ್ನ ಇನ್ನ್ ಒಂದ್ ವರ್ಷ ಹಾಕುದ್" ಎಂದರು ಧಣಿಗಳು.

ನಿಮ್ಮ ಅಜ್ಜಯ್ಯ ಅಲ್ಲಿಯೇ ಶಪಥ ಮಾಡಿದರು. "ಆ ಕೋಳಿ ಹಾಡ್ ಗೆದ್ರೆ ನಾ ಈ ಬಸ್ಸಿನ ಸ್ಟೇರಿಂಗ್ ಮುಟ್ಟುದಿಲ್ಲ. ಬೊಂಬಾಯಿ ಲಾರಿಗ್ ಹೋತೆ!"

ಮನೆಗೆ ಬಂದು ನನಗೂ ಅದನ್ನೇ ಹೇಳಿದರು. ನನ್ನ ಕೈಯಲ್ಲಿದ್ದ ಸೌಟು ಹಾಗೇ ನಿಂತಿತು. ಮದುವೆಯಾದ ಹೊಸತರಲ್ಲಿ ಅವರು ಬೊಂಬಾಯಿ ಲಾರಿಯಲ್ಲೇ ಇದ್ದದ್ದು. ಹೋದರೆ ಯಾವಾಗ ಬರುತ್ತಾರೆಂದು ಅವರಿಗೂ ಗೊತ್ತಿರುತ್ತಿರಲಿಲ್ಲ. ಒಮ್ಮೆ ಬಂದಾಗ ನಿಮ್ಮ ಅಮ್ಮ, ಇಷ್ಟೇ ಇಷ್ಟು ಮಗು, ಅವರನ್ನು ಕಂಡು, "ಯಾರೋ ಬಂದಿದ್ರ್" ಎಂದು ಅಳುತ್ತಾ ನನ್ನ ಸೀರೆಯೊಳಗೆ ಅಡಗಿಕೊಂಡಿದ್ದಳು. ಬಸ್ಸಿಗೆ ಸೇರಿದ ಮೇಲೆಯೇ ನಾನು ದಿನಾ ಇಬ್ಬರಿಗೆ ಬಡಿಸಿ ಒಟ್ಟಿಗೆ ಉಣ್ಣುವುದನ್ನು ಕಂಡದ್ದು. ಅದು ಒಂದು ಕೋಳಿಯಿಂದ ಹೋಗುವುದೆಂದರೆ!

"ಗೆಲ್ಲತ್ತ್ ಅಲ್ದಾ, ನಿಮ್ ಕ್ಯಾಸೆಟ್?" ಎಂದು ಕೇಳಿದೆ.

"ಗೆಲ್ದೆ ಎಂತ ಮಾಡತ್ತ್? ಆರೆ ಮಳೆಗಾಲದ ಥಂಡಿಗೆ ಒಂಚೂರ್ ಕೀಂಯ್ ಅಂತಿತ್ತ್. ಸೋಮವಾರದ ತನಕ ಮನಿಯಗೇ ಇರ್ಲಿ" ಎಂದು ಕ್ಯಾಸೆಟ್ಟನ್ನು ದೇವರ ಫೋಟೋದ ಪಕ್ಕದಲ್ಲಿಟ್ಟು ಭಾನುವಾರ ಬಸ್ಸಿಗೆ ಹೋದರು.

ಇಟ್ಟು ಸುಮ್ಮನೆ ಹೋಗಿದ್ದರೆ ಆಗುತ್ತಿತ್ತು. ಕೀಂಯ್ ಎನ್ನುತ್ತದೆ ಎಂದು ನನ್ನೆದುರು ಹೇಳಬಾರದಿತ್ತು.

ನಾನು ಡಬ್ಬಿ ತೆರೆದು ನೋಡಿದೆ. ಒಳಗೆ ಥಂಡಿಗೆ ಹಿಡಿದ ಬಿಳಿ ಬೂಸ್ರು! ನನಗೆ ಸಮಾಧಾನವೇ ಆಯಿತು. ಟೇಪ್ ರೆಕಾರ್ಡರಿನ ವಿಷಯ ನನಗೆ ಗೊತ್ತಿಲ್ಲದಿರಬಹುದು, ಬೂಸ್ರಿನ ವಿಷಯ ಗೊತ್ತಿಲ್ಲವೇ? ರೇಷ್ಮೆ ಸೀರೆಗೆ ಬೂಸ್ರು ಬಂದರೆ ಬಿಸಿಲು. ಹಪ್ಪಳಕ್ಕೆ ಬಂದರೆ ಬಿಸಿಲು. ಚಪ್ಪಲಿಗೆ ಬಂದರೂ ಬಿಸಿಲು. ಭಕ್ತಿಗೀತೆ ಏನು ಮೇಲಿನಿಂದ ಇಳಿದು ಬಂದದ್ದೇ? ಆ ದಿನ ಮಳೆ ಬಿಟ್ಟು ಚಂದದ ಬಿಸಿಲು ಬಿದ್ದಿತ್ತು. ಬಚ್ಚಲಿನ ತಗ್ಗು ಮಾಡಿನ ತಗಡಿನ ಮೇಲೆ ಒಣಮೀನು ಹರಡಿ, ಅದರ ಪಕ್ಕದಲ್ಲಿ ಕ್ಯಾಸೆಟ್ಟನ್ನೂ ಇಟ್ಟೆ. ಒಳಗಿನ ತನಕ ಬಿಸಿಲು ತಾಗಲಿ ಎಂದು ಅದರ ಟೇಪಿನ ಪಟ್ಟಿಯನ್ನು ಸ್ವಲ್ಪ ಹೊರಗೆಳೆದೆ. ಸೂಕ್ತ ಕ್ರಮ ಕೈಗೊಂಡ ತೃಪ್ತಿಯಿಂದ ದೋಸೆಗೆ ಅಕ್ಕಿ ಕಡೆಯಲು ಒಳಗೆ ಹೋದೆ.

ನೆರೆಮನೆಯ ಪದ್ದಕ್ಕನ ಕೂಗು ಕೇಳಿಸಿತು. "ಹ್ವಾಯ್, ಬೇಗ ಬನಿ! ನಿಮ್ಮನಿ ಹಾಡ್ ತೆಂಗಿನ ಮರ ಹತ್ತಿತ್ತ್!"

ಓಡಿ ಬಂದು ನೋಡಿದರೆ, ಒಣಮೀನಿಗೆ ಬಂದ ಕಾಗೆಯೊಂದು ಪಟ್ಟಿಯನ್ನು ಕಚ್ಚಿಕೊಂಡು ಹಾರಿ ತೆಂಗಿನ ಗರಿಯ ಮೇಲೆ ಕೂತಿತ್ತು. ಕ್ಯಾಸೆಟ್ಟು ತಗಡಿನ ಮೇಲೆ, ಕಾಗೆ ಮರದ ಮೇಲೆ, ನಡುವೆ ಅಂಗಳದುದ್ದಕ್ಕೆ ಭಕ್ತಿಗೀತೆ ಥಳಥಳ ಹೊಳೆಯುತ್ತಿತ್ತು! ನಾನು ಎಳೆದೆ. ಕಾಗೆಯೂ ಎಳೆಯಿತು. ನಾನು ಇನ್ನೂ ಎಳೆದೆ. ಅದಕ್ಕೆ ಹಾಡಿನ ಮೇಲೆ ಅಷ್ಟು ಪ್ರೀತಿ ಎಂದು ಯಾರಿಗೆ ಗೊತ್ತಿತ್ತು? ಕೊನೆಗೆ ಪದ್ದಕ್ಕ ಒಂದು ಬಂಗುಡೆ ಮೀನು ತೋರಿಸಿ ರಾಜಿ ಮಾಡಿಸಿದರು.

ಪುಣ್ಯಕ್ಕೆ ಪಟ್ಟಿ ತುಂಡಾಗಿರಲಿಲ್ಲ. ಆದರೆ ಕ್ಯಾಸೆಟ್ಟಿನ ಮೈ ತಗಡಿನ ಕಾವಿಗೆ ಸ್ವಲ್ಪ ಸೊಟ್ಟಗಾಗಿತ್ತು, ಹಪ್ಪಳ ಬಿಸಿ ಎಣ್ಣೆಗೆ ಬಿದ್ದ ಕೂಡಲೇ ಆಗುತ್ತದಲ್ಲ, ಹಾಗೆ. ಅದರ ಮೇಲೆ ರುಬ್ಬುವ ಕಲ್ಲಿನ ಗುಂಡನ್ನಿಟ್ಟೆ. ಆಮೇಲೆ ಪೆನ್ಸಿಲು ತೂರಿಸಿ ಪಟ್ಟಿಯನ್ನು ಸುತ್ತಿದರೆ, ಕೀಂಯ್ ಎನ್ನುವುದು ಹೋಗಿ ಕೀಂಯ್ ಕೀಂಯ್ ಎನ್ನತೊಡಗಿತು.

"ಬಾಗ್ಲ್ ಕೀಂಯ್ ಅಂದ್ರೆ ಎಂತ ಮಾಡುದ್?" ಎಂದು ಕೇಳಿದರು ಪದ್ದಕ್ಕ.

"ತೆಂಗಿನೆಣ್ಣೆ ಬಿಡುದ್."

"ಮತ್ತೆಂತ ಕಾಂತ್ರಿ? ಬಿಡಿ!"

ಬಿಟ್ಟೆ. ಧಾರಾಳವಾಗಿಯೇ ಬಿಟ್ಟೆ. ಹಾಕಿ ನೋಡೋಣವೆಂದರೆ ಟೇಪ್ ರೆಕಾರ್ಡರು ಇದ್ದದ್ದು ಬಸ್ಸಿನಲ್ಲಿ. ಚೆನ್ನಾಗಿ ಒರೆಸಿ, ಡಬ್ಬಿಯಲ್ಲಿ ಹಾಕಿ, ದೇವರ ಫೋಟೋದ ಪಕ್ಕದಲ್ಲೇ ಇಟ್ಟೆ. ಇನ್ನು ದೇವರು ನೋಡಿಕೊಳ್ಳಲಿ!

ಸೋಮವಾರ ನಿಮ್ಮ ಅಜ್ಜಯ್ಯ ನನ್ನನ್ನೂ ಹೊರಡಿಸಿದರು. "ಒಂದ್ ಕೈ ಹೆಚ್ಚಾತ್ತಲೆ, ಬಾ." ನಾನು ಹೆಂಗಸರ ಸೀಟಿನ ಕಿಟಕಿಯ ಮೂಲೆಯಲ್ಲಿ ಮುದುಡಿಕೊಂಡೆ. ಧಣಿಗಳು ಬಿಳಿ ಪಂಚೆಯಲ್ಲಿ ಮುಂದೆ ಕೂತರು. ಮರವಂತೆಯಲ್ಲಿ ಗುಲಾಬಿ ಹತ್ತಿದಳು. ಬಸ್ಸು ತುಂಬಿ ಬಾಗಿಲಿನಲ್ಲಿ ಜನ ನೇತಾಡುತ್ತಿದ್ದರು.

ಮೊದಲು ಕೋಳಿ ಹಾಡು. ಜನ ನಕ್ಕರು. ದಿನಾ ಕೇಳಿದ್ದೇ ಆದ್ದರಿಂದ ದಿನಾ ನಕ್ಕಷ್ಟೇ ನಕ್ಕರು.

ಆಮೇಲೆ ಹಳೆಯ ಕ್ಯಾಸೆಟ್ಟು. ಮಾಷ್ಟ್ರು ಕಣ್ಣು ಮುಚ್ಚಿ, ತೊಡೆಯ ಮೇಲೆ ತಾಳ ಹಾಕಲು ಬೆರಳೆತ್ತಿ ಕಾದರು.

ಆ ಗಂಭೀರ ಗಾಯಕರು ಮೊದಲು ಒಂದು ಎಮ್ಮೆಯ ಹಾಗೆ, "ಓಂಂಂ" ಎಂದರು. ಆ ಓಂ ಹೆಮ್ಮಾಡಿ ಸ್ಟಾಪು ಬಂದರೂ ಮುಗಿಯಲಿಲ್ಲ. ಮುಗಿಯಿತು ಎನ್ನುವಾಗ ಏನಾಯಿತೋ, ಯಾರೋ ಅಟ್ಟಿಸಿಕೊಂಡು ಬಂದ ಹಾಗೆ ಒಂದು ಇಡೀ ಚರಣವನ್ನು ಗಡಗಡ ಹೇಳಿ ಓಡಿದರು. ಮತ್ತೆ ಎಮ್ಮೆ. ನಡುವೆ ತಬಲಾ, ಕೆಸರಿನಲ್ಲಿ ಕಾಲಿಟ್ಟ ಹಾಗೆ ಪಚಕ್, ಪಚಕ್. ದೇವರನ್ನು "ಬಾ" ಎಂದು ಕರೆಯುವ ಕಡೆ ಗಾಯಕರ ಸ್ವರ ಕೆಳಗೆ ಕೆಳಗೆ ಇಳಿದು ಆಕಳಿಕೆಯಾಯಿತು.

ಹಿಂದಿನ ಸೀಟಿನಿಂದ ಗುಲಾಬಿ ಚೀರಿದಳು. "ಅಯ್ಯಬ್ಬಾ, ನಂಗೆ ಆತಿಲ್ಲೆ! ಮಾಷ್ಟ್ರೆ, ಈಗ ಶಾಂತ ಆಯ್ತಾ?"

ಅಷ್ಟೇ ಬೇಕಾಗಿದ್ದದ್ದು! ಬಾಗಿಲಿನಲ್ಲಿ ನೇತಾಡುತ್ತಿದ್ದವರು ನಗುತ್ತಾ ಕೈ ಬಿಟ್ಟುಬಿಡುತ್ತಾರೆಂದು ಚಂದ್ರ ಅವರನ್ನು ಒಳಗೆ ತಳ್ಳಿದ. ಧಣಿಗಳ ಹೊಟ್ಟೆ ಬಸ್ಸಿನ ಎಂಜಿನ್ನಿಗಿಂತ ಜೋರಾಗಿ ಅಲುಗಾಡಿತು. ಮಾಷ್ಟ್ರು ತುಟಿ ಬಿಗಿಹಿಡಿದು ಬಹಳ ಹೊತ್ತು ಹೋರಾಡಿದರು. ಕೊನೆಗೆ ಹಲ್ಲಿನ ಸೆಟ್ಟನ್ನು ತೆಗೆದು ಭದ್ರವಾಗಿ ಕಿಸೆಯಲ್ಲಿಟ್ಟುಕೊಂಡು ನಕ್ಕರು!

"ಈಗ ಹಾಕಿದ್ದಕ್ಕೆ ಯಾರ್ ಯಾರ್?" ಎಂದು ಧಣಿಗಳು ಕಣ್ಣೊರೆಸಿಕೊಳ್ಳುತ್ತಾ ಕೇಳಿದರು.

ಇಡೀ ಬಸ್ಸು ಕೈ ಎತ್ತಿತು. ಗುಲಾಬಿ ಎರಡೂ ಕೈ ಎತ್ತಿದಳು. ನಾನೂ ಜೀವಮಾನದಲ್ಲಿ ಮೊದಲ ಸಲ ಕೈ ಎತ್ತಿದೆ. ಇನ್ನೊಂದು ಕೈಯಿಂದ ಸೆರಗನ್ನು ಬಾಯಿಗೆ ತುರುಕಿಕೊಂಡಿದ್ದೆ. ಕನ್ನಡಿಯಲ್ಲಿ ನಿಮ್ಮ ಅಜ್ಜಯ್ಯ ನನ್ನನ್ನು ನೋಡಿದರು. ಅವರ ಕಿವಿ ಕೆಂಪಗಾಗಿತ್ತು. ನಾನು ಅಳುತ್ತಿದ್ದೇನೆ ಎಂದು ಅವರಿಗೆ ಅನಿಸಲಿಲ್ಲವೆಂದು ಕಾಣುತ್ತದೆ.

ತಲ್ಲೂರಿನಲ್ಲಿ ಬಸ್ಸು ನಿಂತಿತು. ಅವರು ಬಾಗಿಲು ತೆರೆದು ಇಳಿದರು. ರಸ್ತೆ ದಾಟಿ ನೆಟ್ಟಗೆ ನಡೆದರು. ಎಲ್ಲಿಗೆ? ಚಾದಂಗಡಿಯ ಎದುರು ನಿಂತಿದ್ದ ಲಾರಿಗಳ ಕಡೆಗೆ!

ನನ್ನ ನಗು ಅಲ್ಲಿಯೇ ಬತ್ತಿಹೋಯಿತು. ನಾಚಿಕೆ, ಜನ, ಧಣಿ ಎಲ್ಲವನ್ನೂ ಮರೆತು ಇಳಿದು ಓಡಿದೆ. "ಹ್ವಾಯ್, ಹೋಬೇಡಿ! ಕ್ಯಾಸೆಟ್ಟಿನವ್ರ್ ಸಮ ಹಾಡಿದ್ದೇ ಹೌದ್. ನಾನ್ ಬಿಸ್ಲಿಗಿಟ್ಟದ್ದ್! ಕಾಗಿ ಎಳ್ದದ್ದ್! ಎಣ್ಣಿ ಬಿಟ್ಟದ್ದೂ ನಾನೇ!"

ಇಡೀ ಬಸ್ಸು ಕಿಟಕಿಯಿಂದ ತಲೆ ಹೊರಗೆ ಹಾಕಿ ಇದನ್ನು ಕೇಳಿಸಿಕೊಂಡಿತು. ನಿಮ್ಮ ಅಜ್ಜಯ್ಯ ಚಾದಂಗಡಿಯ ಬಾನಿಯಿಂದ ನೀರು ತೆಗೆದು ಮುಖಕ್ಕೆ ಹಾಕಿಕೊಂಡು ತಿರುಗಿದರು. "ಎಣ್ಣಿ ಬೇರೆ ಬಿಟ್ಟಿದ್ಯಾ?"

ಅಷ್ಟರಲ್ಲಿ ಹಲ್ಲಿನ ಸೆಟ್ಟಿಲ್ಲದ ಮಾಷ್ಟ್ರು ಕಿಟಕಿಯಿಂದಲೇ ಕೂಗಿದರು. "ಡ್ರೈವರ್ರೆ, ನೀವು ಲಾರಿಗೆ ಹೋಗುವ ಹಾಗಿಲ್ಲ! ಕೋಳಿ ಗೆದ್ದರೆ ಹೋಗುತ್ತೇನೆ ಅಂದದ್ದು ನೀವು. ಗೆದ್ದದ್ದು ನಿಮ್ಮ ಕ್ಯಾಸೆಟ್ಟೇ!"

ಶಪಥವೆಂದರೆ ಶಪಥ. ಚಂದ್ರ ಆಗಲೇ ಹಲಗೆಯ ಮೇಲೆ ಹಳೆಯ ಕ್ಯಾಸೆಟ್ಟಿನ ಹೆಸರಿನ ಎದುರು ದಪ್ಪಗೆ ಒಂದು ಎಂದು ಬರೆದಾಗಿತ್ತು. ನಿಮ್ಮ ಅಜ್ಜಯ್ಯ ಹತ್ತಿ ಬಂದು ಅದನ್ನು ಓದಿದರು, ನನ್ನನ್ನು ನೋಡಿದರು, ಸ್ಟೇರಿಂಗ್ ಹಿಡಿದರು. ಧಣಿಗಳ ಅಪ್ಪಣೆಯಂತೆ ಮರುದಿನದಿಂದ ಅದೇ ಕ್ಯಾಸೆಟ್ಟು. ಕಾಲೇಜು ಮಕ್ಕಳು ಹಿಂದಿನ ಬಸ್ಸನ್ನು ಬಿಟ್ಟು ಓಡಿ ಬಂದರು. ಒಮ್ಮೆ ಆ ಬಸ್ಸಿನ ಕಂಡಕ್ಟರನೇ ನಮ್ಮ ಮನೆಗೆ ಬಂದು, ಕಿಸೆಯಿಂದ ಒಂದು ಕ್ಯಾಸೆಟ್ಟು ತೆಗೆದು, "ಅಕ್ಕ, ನಮ್ದೂ ಒಂಚೂರ್ ಒಣ್ಗ್ಸಿ ಕೊಡ್ತ್ರ್ಯಾ?" ಎಂದ. ನಾನು ಒಳಗೆ ಓಡಿಹೋದೆ.

ತನ್ನ ದೇವರ ಹಾಡು ದಿನಾ ಆಕಳಿಸುವುದನ್ನು ಕೇಳಲಾರದೆ ನಿಮ್ಮ ಅಜ್ಜಯ್ಯ ಗುಟ್ಟಾಗಿ ಕುಂದಾಪುರದಿಂದ ಅದೇ ಹಾಡುಗಳ ಹೊಸ ಕ್ಯಾಸೆಟ್ಟು ತಂದು ಹಾಕಿದರು. ಗಾಯಕರು ಮೊದಲಿನ ಹಾಗೆ ಗಂಭೀರವಾಗಿ ಹಾಡಿದರು. ಬಸ್ಸಿನಲ್ಲಿ ದೊಡ್ಡ ಗಲಾಟೆ!

"ಇದ್ ಡುಪ್ಲಿಕೇಟ್ ಮಾರ್ರೆ! ಒರಿಜಿನಲ್ ಹಾಕಿ!" ಎಂದಳು ಗುಲಾಬಿ.

ಆ ಒರಿಜಿನಲ್ಲಾದರೋ ಎಷ್ಟು ದಿನ ತಾಳೀತು? ಒಂದು ದಿನ ಟೇಪ್ ರೆಕಾರ್ಡರಿನ ಹೊಟ್ಟೆಯೊಳಗೆ ಸಿಕ್ಕಿ ಪ್ರಾಣ ಬಿಟ್ಟಿತು. ಆ ಸಂಜೆ ನಿಮ್ಮ ಅಜ್ಜಯ್ಯ ನನ್ನ ಮುಖ ನೋಡದೆ, ಹೊಸ ಕ್ಯಾಸೆಟ್ಟನ್ನು ನನ್ನ ಕೈಗಿಟ್ಟರು. "ನಾಳೆ ನಂಗೆ ರಜಿ. ಬಿಸ್ಲ್ ಬಂದ್ರೆ... ಅದೇನ್ ಮಾಡಿದ್ಯೋ, ಮಾಡ್."

ಮಕ್ಕಳೇ, ಮರುದಿನ ನಾನು ಬೇರೆ ಕೆಲಸ ಮುಟ್ಟಲಿಲ್ಲ. ತಗಡಿನ ಮೇಲಿಟ್ಟೆ, ತಿರುಗಿಸಿ ತಿರುಗಿಸಿ ಒಣಗಿಸಿದೆ. ಕಾಗೆಗೆ ಮೀನು ತೋರಿಸಿ ಕರೆದೆ. ಮೀನು ತಿಂದು ಹೋಯಿತು, ಪಟ್ಟಿಯನ್ನು ಮೂಸಿಯೂ ನೋಡಲಿಲ್ಲ. ಕೊನೆಗೆ ನಾನೇ ಎಳೆದೆ. ತೆಂಗಿನೆಣ್ಣೆ ಬಿಟ್ಟೆ. ಮಧ್ಯಾಹ್ನ ಅವರು ಅದನ್ನು ಬಸ್ಸಿಗೆ ಕೊಂಡುಹೋಗಿ ಹಾಕಿ ನೋಡಿದರೆ, ಗಾಯಕರು ಒಂದು ಅಕ್ಷರ ಆಚೀಚೆಯಾಗದೆ, ಮೊದಲಿಗಿಂತಲೂ ಇಂಪಾಗಿ ಹಾಡಿದರು!

ಅವರು ಬಂದು ಊಟಕ್ಕೆ ಕೂತರು. "ನಿನ್ನ ಕೈಯಗೆ ಒಂದ್ ಕ್ಯಾಸೆಟ್ ಅಲ್ಲ, ಎಂತದ್ದೂ ಹಾಳ್ ಮಾಡುಕೆ ಆತಿಲ್ಯಲೆ, ಮಾರಾಯ್ತಿ" ಎಂದು ನಕ್ಕು, ಅನ್ನಕ್ಕೆ ಸಾರು ಹಾಕಿಕೊಂಡು ಒಂದು ತುತ್ತು ಬಾಯಿಗಿಟ್ಟರು. ಬೆಳಿಗ್ಗೆಯಿಂದ ಕಾಗೆಯನ್ನು ಕಾಯುವ ಗಡಿಬಿಡಿಯಲ್ಲಿ ನಾನು ಸಾರಿಗೆ ಉಪ್ಪನ್ನೇ ಹಾಕಿರಲಿಲ್ಲ.

ಅವರು ತಮ್ಮ ಮಾತನ್ನು ವಾಪಸು ತೆಗೆದುಕೊಂಡರು.