ಏಳು ನಿಮಿಷ ನಿಲ್ಲತಕ್ಕದ್ದು

ಕಳೆದ ಮಾರ್ಚ್ ಹದಿನೆಂಟರ ಮಧ್ಯಾಹ್ನ ಮೂರೂವರೆಯವರೆಗೆ ಜಮಖಂಡಿ ತಾಲೂಕಿನಲ್ಲಿ ಕಾಡು ಇರಲಿಲ್ಲ. ಮೂರೂಮುಕ್ಕಾಲಿಗೆ ಬಂತು. ಬಂದದ್ದು ನನ್ನ ಕೈಗೇ, ಬಂದ ಕಾಗದ ಬರೆದಿಡುವ ಆವಕ ವಹಿಯ ಇನ್ನೂರ ಹನ್ನೊಂದನೆಯ ನಂಬರಿನಲ್ಲಿ. ಗುಮಾಸ್ತ ಏನು ಮಾಡುತ್ತಾನೆ ಎಂದು ಕೇಳುವವರಿಗೆ ಇದು ಗೊತ್ತಿರಲಿ.

ಸಂಗತಿ ಇಷ್ಟು. ಮೇಲಿನ ಕಚೇರಿಯಿಂದ ನಮ್ಮ ರಮ್ಯ ಪ್ರವಾಸ ಕೋಶಕ್ಕೆ ಆದೇಶ ಬಂದಿತ್ತು. 'ಉತ್ತರದ ಕಾನನಗಳ ನಡುವೆ ರಮಣೀಯ ರಸ್ತೆ ಯಾನ'ವನ್ನು ಮಾರ್ಚ್ ಮೂವತ್ತೊಂದರೊಳಗೆ ಆರಂಭಿಸತಕ್ಕದ್ದು, ಆರಂಭಿಸದಿದ್ದಲ್ಲಿ ಕಾರಣ ಕೇಳಲಾಗುವುದು. ನಮ್ಮ ಅಧಿಕಾರಿ ಪರಮಾನಂದ ಸಾಹೇಬರು ಜೀಪು ಹತ್ತಿ ನಾಲ್ಕೂ ತಾಲೂಕು ತಿರುಗಿದರು. ಜಮಖಂಡಿಯಲ್ಲಿ, ಮುಧೋಳದಲ್ಲಿ ಕಬ್ಬು. ಬೀಳಗಿಯಲ್ಲಿ ಹಿನ್ನೀರು, ಅದರ ದಂಡೆಗೂ ಕಬ್ಬು. ರಬಕವಿ-ಬನಹಟ್ಟಿಯಲ್ಲಿ ಮಗ್ಗದ ಸಪ್ಪಳ, ಹಕ್ಕಿ ಕೂಗಿದರೂ ಕೇಳುವ ಹಾಗಿಲ್ಲ. ಸಾಹೇಬರು ಬಂದು ಫ್ಯಾನಿನ ಕೆಳಗೆ ಕೂತು, "ಇಷ್ಟು ಮಂದಿ ಇದ್ದೂ ಒಂದ್ ಅಡವಿ ಇಟ್ಕೊಂಡಿಲ್ಲಂದ್ರ ಏನ್ ಜನಾಪಾ ಇದು!" ಎಂದು ಮರುಗಿದರು.

ಆಗಲೇ ನಾನು ಆ ಇನ್ನೂರ ಹನ್ನೊಂದನೆಯ ನಂಬರಿನ ಕಾಗದ, ಹಾಲವ್ವನ ಅರ್ಜಿ ತೆಗೆದುಕೊಟ್ಟದ್ದು.

ಹಾಲವ್ವ ಮಡ್ಡಿವಸ್ತಿಯ ಎಪ್ಪತ್ತು ವರ್ಷದ ಹೆಣ್ಣುಮಗಳು. ಹಿಪ್ಪರಗಿಯಿಂದ ಜಮಖಂಡಿಗೆ ಬರುವ ದಾರಿಯಲ್ಲಿ ಇಪ್ಪತ್ತು ಮನೆಯ ವಸ್ತಿ ಅದು. ದಾರಿಯ ಎರಡೂ ಬದಿ ಜಾಲಿಕಂಟಿ ಬೆಳೆದು, ಆ ಮುಳ್ಳುಪೊದೆ ಬಡಿದು ಬಸ್ಸಿನ ಕನ್ನಡಿ ಎರಡು ಸಲ ಒಡೆಯಿತು. ಸಂಕ್ರಾಂತಿ ಆದ ಮೇಲೆ ಬಸ್ಸೇ ನಿಂತಿತು. ಹಾಲವ್ವನ ಮೊಮ್ಮಗಳು ಕಾವ್ಯ ಜಮಖಂಡಿಯಲ್ಲಿ ಬಿ.ಎಸ್ಸಿ. ಓದುತ್ತಾಳೆ. ಐದು ಕಿಲೋಮೀಟರ್ ನಡೆದು ಬಸ್ಸು ಹಿಡಿದು ಕಾಲೇಜು ಮುಟ್ಟುವಷ್ಟರಲ್ಲಿ ಮೊದಲ ಎರಡು ತಾಸು ಮುಗಿದಿರುತ್ತಿದ್ದವು. ಹಾಜರಿ ಶೇಕಡಾ ಎಪ್ಪತ್ತೈದು ತುಂಬದಿದ್ದರೆ ಪರೀಕ್ಷೆಗೆ ಕೂರಿಸುವುದಿಲ್ಲ. ಪರೀಕ್ಷೆ ತಪ್ಪಿದರೆ ಕಾಲೇಜು ಬಿಡಿಸಿ ಮದುವೆ ಎಂದು ಅವಳ ಅಪ್ಪ ಮುರಗೆಪ್ಪ ಹೇಳಿಬಿಟ್ಟಿದ್ದ, ವರನ ಫೋಟೋ ಕೂಡ ಮನೆಗೆ ಬಂದಿತ್ತು. ಹಾಲವ್ವ ಅದನ್ನು ಜೋಳದ ಚೀಲದ ಕೆಳಗೆ ಇಟ್ಟಿದ್ದಳು.

ಕಂಟಿ ಕಡಿಸಿ ಎಂದು ಅರ್ಜಿ ಬರೆಸಲು ಅವಳು ಕೋರ್ಟಿನ ಅಂಗಳಕ್ಕೆ, ಅರ್ಜಿ ಬರೆಯುವ ಗೌರೀಶನ ಹತ್ತಿರ ಹೋದಳು. ಇದ್ದದ್ದನ್ನು ಇದ್ದ ಅಳತೆಯಲ್ಲಿ ಬರೆಯುವ ರೂಢಿ ನಮ್ಮ ಕಡೆಯ ಅರ್ಜಿಗಳಲ್ಲಿ ಇಲ್ಲ.

"ನಾಕ್ ಜಾಲಿ ಕಂಟಿ ಬೆಳದಾವು ಅಂತ ಬರಿಯಪಾ" ಎಂದಳಂತೆ.

"ಹಂಗ ಬರದ್ರ ಯಾಂವ ಓದ್ತಾನಬೇ? ನೀ ಸುಮ್ನ ಕುಂದ್ರು" ಎಂದ ಗೌರೀಶ, ಬರೆದ: 'ಹಗಲಿನಲ್ಲಿಯೂ ಸೂರ್ಯನ ಬೆಳಕು ಕಾಣದ ಘೋರಾರಣ್ಯ ಬೆಳೆದಿದ್ದು, ಕ್ರೂರ ಮೃಗಗಳ ಹಾವಳಿಯಿಂದ ಪ್ರಜೆಗಳು ತಲ್ಲಣಿಸಿರುತ್ತಾರೆ.' ಹಾಲವ್ವ ಹೆಬ್ಬೆಟ್ಟು ಒತ್ತಿದಳು.

ಸಾಹೇಬರು ಇದನ್ನು ಎದ್ದು ನಿಂತು ಓದಿದರು. ಅವರ ಕಣ್ಣು ತುಂಬಿ ಬಂದವು. "ಇದು ದಾಖಲೆ. ಅದೂ ಸಾರ್ವಜನಿಕರ ದಾಖಲೆ. ಹಚ್ಚು ಸಿಕ್ಕಾ" ಎಂದರು. ನಾನು ಮುದ್ರೆ ಒತ್ತಿದೆ.

ಹದಿಮೂರು ದಿನದಲ್ಲಿ ನಿಯಮ ಸಮೇತ ಎಲ್ಲ ಆಯಿತು. ಮಾರ್ಗದ ಇಕ್ಕೆಲದ ಜಾಲಿಯನ್ನು ಕಡಿಯತಕ್ಕದ್ದಲ್ಲ. ಅರಣ್ಯಕ್ಕೆ ಶೋಭಿಸದ ಬಸ್ ನಿಲ್ದಾಣವನ್ನು ತೆರವುಗೊಳಿಸತಕ್ಕದ್ದು. ಪ್ರವಾಸಿ ಬಸ್ಸು ಹಿಪ್ಪರಗಿ ಬ್ಯಾರೇಜಿನಿಂದ ಹೊರಟು ಜಮಖಂಡಿಯವರೆಗೆ ಎಲ್ಲಿಯೂ ನಿಲ್ಲತಕ್ಕದ್ದಲ್ಲ. ವನ್ಯಮೃಗ ಕಂಡುಬಂದಲ್ಲಿ ಮಾತ್ರ ಏಳು ನಿಮಿಷ ನಿಲ್ಲತಕ್ಕದ್ದು. ಕನ್ನಡಿಯ ಪ್ರಶ್ನೆ ಬಂದಾಗ ಬಸ್ಸಿನ ಎರಡೂ ಕನ್ನಡಿ ಬಿಚ್ಚಿಸಿ ಸ್ಟೋರಿನಲ್ಲಿ ಇಡಲಾಯಿತು. ಬನಹಟ್ಟಿಯ ನೇಕಾರ ಕುಟುಂಬಗಳು ಮುಗಿಬಿದ್ದು ಬಂದವು. ಮಗ್ಗದ ಸಪ್ಪಳ ಕೇಳದ ಕಡೆ ಒಂದು ತಾಸು ಕೂತರೆ ಸಾಕು, ಕಾಡು ಯಾವುದಾದರೇನು ಎಂದು ಅವರ ಅಭಿಪ್ರಾಯ.

ಬಸ್ಸು ಶುರುವಾದ ಎರಡನೆಯ ದಿನವೇ ಹಾಲವ್ವ ಕಚೇರಿಗೆ ಬಂದಳು.

"ಸಾಹೇಬ್ರ, ಕಂಟಿ ಕಡಸ್ರಿ ಅಂದ್ರ ಅದಕ್ಕ ಬೋರ್ಡ್ ಹಾಕೀರಿ. ಬಸ್ ಬರಾಕತ್ತೈತಿ ಖರೆ, ನಿಂದ್ರಂಗಿಲ್ಲ. ಹುಡುಗಿ ಕೈ ಮಾಡಿದ್ರ ಒಳಗಿನವರು ಫೋಟೋ ಹೊಡಕೋತಾರ."

"ಅಡವ್ಯಾಗ ಸ್ಟಾಪ್ ಇರಂಗಿಲ್ಲವಾ" ಎಂದರು ಸಾಹೇಬರು ಮೃದುವಾಗಿ. "ಮತ್ತ, ಅಡವಿ ಐತಿ ಅಂದಾಕಿ ನೀನ."

ಹಾಲವ್ವ ಹೆಬ್ಬೆಟ್ಟು ನೋಡಿಕೊಂಡಳು. ನನಗೂ ಪಾಪ ಅನಿಸಿತು, ಸುಳ್ಳು ಹೇಳುವುದಿಲ್ಲ. ಆದರೆ ನಾನು ನಿಯಮ ಮೀರಿ ಏನೂ ಮಾಡಿದವನಲ್ಲ. ಅವಳು ಮೆಟ್ಟಿಲು ಇಳಿಯುವಾಗ ಹಿಂದೆ ಹೋಗಿ ನಿಯಮವನ್ನೇ ಎರಡು ಸಲ ಓದಿ ಹೇಳಿದೆ, ವನ್ಯಮೃಗದ ಭಾಗವನ್ನು ನಿಧಾನವಾಗಿ.

ಮರುದಿನ ಬೆಳಿಗ್ಗೆ ಎಂಟೂ ನಲವತ್ತಕ್ಕೆ ಮಡ್ಡಿವಸ್ತಿಯ ತಿರುವಿನಲ್ಲಿ ತೋಳ ಕಂಡುಬಂತು. ಹಾಲವ್ವನ ಮನೆಯ ಮೋತ್ಯಾ ಅದು, ತಿಮ್ಮಾಪುರದಿಂದ ತಂದ ಮುಧೋಳ ನಾಯಿ. ಉದ್ದ ಮೂತಿ, ಎಣಿಸಬಹುದಾದ ಪಕ್ಕೆಲುಬು. ಬಸ್ಸಿನ ಕಂಡಕ್ಟರನೂ ಮಾರ್ಗದರ್ಶಿಯೂ ಆದ ವೀರೇಶ ಸೀಟಿ ಊದಿದ. ಏಳು ನಿಮಿಷ ಬಸ್ಸು ನಿಂತಿತು. ನಿಂತ ಬಸ್ಸಿಗೆ ಕಾವ್ಯ ಹತ್ತಿದಳು. ವಿದ್ಯಾರ್ಥಿ ಪಾಸು ನಡೆಯುವುದಿಲ್ಲ ಎಂದು ಎಲ್ಲಿಯೂ ಬರೆದಿರಲಿಲ್ಲ.

ಒಬ್ಬ ಪ್ರವಾಸಿ ಮಾತ್ರ ತಕರಾರು ತೆಗೆದ. "ಇದು ನಾಯಿ ಅಲ್ಲೇನ್ರಿ? ನಮ್ಮ ಕಾಕಾನ ಮನ್ಯಾಗ ಇಂಥಾದ್ದ ಐತಿ."

"ಅಂದ್ರ ನಿಮ್ಮ ಕಾಕಾ ತೋಳ ಸಾಕ್ಯಾರ. ಅದು ಅಪರಾಧ ಆಗ್ತೈತಿ ನೋಡ್ರಿ" ಎಂದ ವೀರೇಶ. ಪ್ರವಾಸಿಯೂ ಫೋನು ತೆಗೆದು ತೋಳದ ಫೋಟೋ ಹೊಡೆದುಕೊಂಡ.

ಹೀಗೆ ತೋಳ ದಿನಾಲೂ ಕಂಡಿತು, ರವಿವಾರ ಬಿಟ್ಟು. ರವಿವಾರ ಕಾಲೇಜು ಇರುವುದಿಲ್ಲ. ಕಾವ್ಯಳ ಹಾಜರಿ ಅರವತ್ತೊಂದರಿಂದ ಏರುತ್ತ ಮೇ ಕೊನೆಗೆ ಎಪ್ಪತ್ತಾರು ಮುಟ್ಟಿತು. ಮುರಗೆಪ್ಪ, "ಪರೀಕ್ಷಾ ಬರೀಲಿ, ಆಮ್ಯಾಲ ನೋಡೂಣು" ಎನ್ನುವಷ್ಟು ಇಳಿದ.

ಪರೀಕ್ಷೆ ಜೂನ್ ಹನ್ನೆರಡಕ್ಕೆ, ಬೆಳಿಗ್ಗೆ ಹತ್ತಕ್ಕೆ. ಹನ್ನೊಂದರ ಸಂಜೆ ಮೋತ್ಯಾನ ಕಾಲಿಗೆ ಜಾಲಿಮುಳ್ಳು ನಟ್ಟು, ಪಾದ ಬಾತು, ಅದು ಕಟ್ಟೆಯ ಕೆಳಗಿನಿಂದ ಏಳಲೇ ಇಲ್ಲ. ಅದೇ ಹನ್ನೆರಡರಂದು ಮೇಲಿನ ಕಚೇರಿಯ ಹಿರಿಯ ಅಧಿಕಾರಿಗಳು ಪರಿಶೀಲನೆಗೆ ಬಸ್ಸು ಹತ್ತಿದ್ದರು. ಪಕ್ಕದಲ್ಲಿ ಪರಮಾನಂದ ಸಾಹೇಬರು, ಹಿಂದಿನ ಸೀಟಿನಲ್ಲಿ ಫೈಲು ಹಿಡಿದು ನಾನು.

ತಿರುವು ಬಂತು. ಕಾವ್ಯ ಹಾಲ್ ಟಿಕೆಟ್ ಹಿಡಿದು ನಿಂತಿದ್ದಳು. ತೋಳ ಇರಲಿಲ್ಲ. ಡ್ರೈವರ್ ವೇಗ ಇಳಿಸಲಿಲ್ಲ. ನಿಯಮ ಅವನಿಗೂ ಗೊತ್ತು. ಹೋತಪಾ ಹುಡುಗಿ ವರ್ಷ, ಎಂದುಕೊಂಡೆ.

ಅಷ್ಟರಲ್ಲಿ ಕಂಟಿಯೊಳಗಿಂದ ಏನೋ ಎದ್ದು ನಿಂತಿತು. ಮೈತುಂಬ ಕರೀ ಕಂಬಳಿ, ಕಂಬಳಿಗೆ ಹತ್ತಿದ ಮುಳ್ಳು. ವೀರೇಶ ಅರೆಗಳಿಗೆ ತಡವರಿಸಿ ಸೀಟಿ ಊದಿದ: "ಕರಡಿ! ಕರಡೀರಿ!"

ಬಸ್ಸು ನಿಂತಿತು. ಹಿರಿಯ ಅಧಿಕಾರಿಗಳು ಕಿಟಕಿಗೆ ಮುಖ ಹಚ್ಚಿ ನೋಡಿದರು. ಕಂಬಳಿ ಜಾರಿ ಕುಂಕುಮ, ಮೂಗುಬೊಟ್ಟು ಎಲ್ಲ ಕಾಣುತ್ತಿದ್ದವು. ಹೆದರಿಕೆಗೋ, ರೂಢಿಗೋ, ಕರಡಿ ಕೈ ಮುಗಿದು "ಶರಣ್ರೀ ಸಾಹೇಬ್ರ" ಎಂದಿತು.

ಈ ಯೋಜನೆಗೆ ಸಹಿ ಹಾಕಿದವರು ಈ ಹಿರಿಯರೇ. ಕರಡಿ ಸುಳ್ಳಾದರೆ ಕಾಡು ಸುಳ್ಳು, ಕಾಡು ಸುಳ್ಳಾದರೆ ಸಹಿ ಸುಳ್ಳು. ಅವರು ಕನ್ನಡಕ ತೆಗೆದು ಒರೆಸಿಕೊಂಡು ಕಿಸೆಯಲ್ಲಿ ಇಟ್ಟರು.

"ಬರಕೊಳ್ರಿ" ಎಂದರು ನನಗೆ. "ಕರಡಿ, ಒಂದು."

ನಾನು ಬರೆದುಕೊಂಡೆ: ಕರಡಿ ಒಂದು, ಹೆಣ್ಣು, ವಯಸ್ಸಾದದ್ದು, ನಡತೆ ವಿನಯಪೂರ್ವಕ. ಏಳು ನಿಮಿಷ ಪೂರ್ತಿ ಮುಗಿಯಿತು. ಕಾವ್ಯ ಒಳಗೆ ಬಂದು ನನ್ನ ಪಕ್ಕದಲ್ಲೇ ಕೂತು ನೋಟ್ಸ್ ತೆರೆದಳು. ಒಂಬತ್ತೂ ನಲವತ್ತಕ್ಕೆ ಕಾಲೇಜಿನ ಗೇಟಿನಲ್ಲಿ ಇದ್ದಳು. ಪಾಸಾದಳು, ಅರವತ್ತೆಂಟು ಪರ್ಸೆಂಟ್. ವರನ ಫೋಟೋ ಇನ್ನೂ ಜೋಳದ ಚೀಲದ ಕೆಳಗೇ ಇದೆ.

ಈಗ ವಸ್ತಿಯ ಮಂದಿ ಬೆಳಿಗ್ಗೆ ಹಾಲವ್ವನನ್ನು "ಕರಡಿ ಆತೇನಬೇ?" ಎಂದೇ ಮಾತಾಡಿಸುತ್ತಾರೆ. ಬಸ್ಸು ನಿಂತಾಗ ಸಂತೆಗೆ, ದವಾಖಾನೆಗೆ ಹೋಗುವವರೂ ಹತ್ತುತ್ತಾರೆ. ಸುತ್ತಲಿನ ಮೂರು ಹಳ್ಳಿಯವರು ತಮ್ಮಲ್ಲೂ ಘೋರಾರಣ್ಯ ಇದೆ ಎಂದು ಗೌರೀಶನ ಮುಂದೆ ಸಾಲು ಹಚ್ಚಿದ್ದಾರೆ.

ಹೋದ ವಾರ ಮೇಲಿನ ಕಚೇರಿಯ ಆದೇಶ ಹಿಡಿದು ನಾನೇ ಮಡ್ಡಿವಸ್ತಿಗೆ ಹೋಗಿ ಓದಿ ಹೇಳಿದೆ. 'ಸದರಿ ಕರಡಿಯು ಪ್ರತಿದಿನ ಬೆಳಿಗ್ಗೆ ಎಂಟೂವರೆಯಿಂದ ಒಂಬತ್ತರವರೆಗೆ ಸ್ಥಳದಲ್ಲಿ ಇರತಕ್ಕದ್ದು. ಹಾಜರಿ ಶೇಕಡಾ ಎಪ್ಪತ್ತೈದಕ್ಕಿಂತ ಕಡಿಮೆಯಾದಲ್ಲಿ ಬಸ್ಸನ್ನು ರದ್ದುಪಡಿಸಲಾಗುವುದು.'

ಹಾಲವ್ವ ಕಂಬಳಿಯಿಂದ ಮುಳ್ಳು ಆರಿಸುತ್ತ ಕೇಳಿಸಿಕೊಂಡಳು. "ಎಪ್ಪತ್ತೈದ್ ಯಾಕ್ರಿ, ನೂರಕ್ಕ ನೂರು ಬರ್ತೀನಿ" ಎಂದಳು. "ನನಗೇನ್ ಸಾಲಿ ಬಿಡಿಸಿ ಮದುವಿ ಮಾಡ್ತಾರೇನು?"

ಆದೇಶದ ಕೆಳಗೆ ಹೆಬ್ಬೆಟ್ಟು ಒತ್ತಿಸಿಕೊಂಡೆ. ಕರಡಿಯದು ಎಂದು ಪಕ್ಕದಲ್ಲಿ ಬರೆದು ಸಹಿ ಹಾಕಿದೆ.